ಕಾಲಿನ ಮೇಲಿನ ಬಿಸಿಲು

ಬಿಸಿ ಇದೆ, ಎಡಗಾಲು ಬಿಸಿ ಇದೆ, ಆದರೆ ಇದು ಕಾಲಿನ ಬಿಸಿಯೋ ಬಿಸಿಲಿನ ಬಿಸಿಯೋ, ಕಿಟಕಿಯ ಸರಳುಗಳ ನೆರಳು ಪಾದದ ಮೇಲೆ ಅಡ್ಡಡ್ಡ ಬಿದ್ದಿದೆ, ಗಂಜಿ ಕುಡಿಯುವಾಗ ನೆಲದ ಮೇಲಿದ್ದ ಬಿಸಿಲು ಯಾವಾಗ ಮಂಚ ಹತ್ತಿತೋ ಗೊತ್ತಾಗಲಿಲ್ಲ, ಈಗ ಸರಿಯಾಗಿ ಬ್ಯಾಂಡೇಜಿನ ಮೇಲೆ, ಬ್ಯಾಂಡೇಜಿನಿಂದ ಇಣುಕಿರುವ ನಾಲ್ಕು ಬೆರಳುಗಳ ಮೇಲೆ ಕೂತಿದೆ, ಏಳುವ ಲಕ್ಷಣವಿಲ್ಲ. ಮುಟ್ಟಿ ನೋಡೋಣವೆಂದರೆ ಎಡ ಪಕ್ಕೆಯಲ್ಲಿ ಹೊಲಿಗೆ, ಬಗ್ಗಿದರೆ ಎಳೆಯುತ್ತದೆ, ಕೈ ಮಂಡಿಯವರೆಗೆ ಹೋಗುತ್ತದೆ, ಅದರಾಚೆ ಇಲ್ಲ, ಮಂಡಿ ಬಿಸಿಯೇ, ಅದು ಎಂದೂ ತಣ್ಣಗಾಗಿದ್ದಿಲ್ಲ, ಕೇಳಬೇಕಾದದ್ದು ಅದರ ಕೆಳಗಿನ ಸಮಾಚಾರ. ಬೆಳಿಗ್ಗೆ ಡಾಕ್ಟರು ಪಾದಕ್ಕೆ ಅಂಗೈ ತಿರುವಿ ಹಿಂಭಾಗ ಇಟ್ಟು, ತೆಗೆದು, ಬಲಗಾಲಿಗೆ ಇಟ್ಟು, ಮತ್ತೆ ಎಡಗಾಲಿಗೆ ಇಟ್ಟು, ಹ್ಞೂಂ ಅಂದರು, ಆ ಹ್ಞೂಂ ಯಾವ ಕಡೆಗೂ ಸೇರದ ಹ್ಞೂಂ, ನೋಡಪ್ಪಾ ಗಂಗುಲಪ್ಪ, ಸಂಜೆ ರೌಂಡಿಗೆ ಬಂದಾಗ ಇನ್ನೊಂದ್ಸಲ ನೋಡ್ತೀನಿ, ಪಾದ ಬಿಸಿ ಹಿಡಿದಿದ್ರೆ ಕಪ್ಪಾಗಿರೋ ಕಿರುಬೆರಳು ಒಂದನ್ನೇ ತೆಗೆದು ಮನೆಗೆ ಕಳಿಸ್ತೀನಿ, ತಣ್ಣಗೇ ಇದ್ರೆ ಅದರ ಪಕ್ಕದ ಬೆರಳೂ ಉಳಿಯಲ್ಲ, ಆಮೇಲೆ ಒಂದೊಂದೇ ಬೆರಳು ತೆಗೀತಾ ಕೂರೋದ್ರಲ್ಲಿ ಅರ್ಥ ಇಲ್ಲ, ನಾಳೆ ಮಂಡಿ ಕೆಳಗೆ ತೆಗೆದುಬಿಡೋಣ. ನಾಳೆ ಮಾಲೂರಿಗೆ ಹೋಗಿಬರೋಣ ಅನ್ನುವ ಧ್ವನಿಯಲ್ಲಿ ಹೇಳಿದರು, ನನಗೂ ಅಷ್ಟೇ ಕೇಳಿಸಿತು, ಹೆದರಿಕೆ ಅಂತ ಏನೂ ಆಗಲಿಲ್ಲ, ಹೆದರುವುದಕ್ಕೂ ನಿದ್ದೆಗೆಟ್ಟಿರಬೇಕು, ನಾನು ಆಪರೇಷನ್ ಆದಾಗಿನಿಂದ ಚೆನ್ನಾಗಿ ನಿದ್ದೆ ಮಾಡುತ್ತಿದ್ದೇನೆ, ಆರು ತಿಂಗಳಿಂದ ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟು ಕೂತೇ ರಾತ್ರಿ ಕಳೆದವನು, ಇಳಿಬಿಟ್ಟರೆ ನೋವು ಒಂದಿಷ್ಟು ಕಮ್ಮಿ, ಮೇಲೆತ್ತಿದರೆ ಯಾರೋ ಬೆರಳುಗಳನ್ನು ಇಕ್ಕಳದಲ್ಲಿ ಹಿಡಿದಂತೆ, ಈಗ ನೋಡು, ಚಪ್ಪಟೆಯಾಗಿ ಮಲಗಿದ್ದೇನೆ, ಎರಡೂ ಕಾಲು ಚಾಚಿ, ಮನುಷ್ಯರ ಹಾಗೆ. ಸಿಸ್ಟರು ಆಗಲೇ ಬಂದು ಪಾದ ಮುಟ್ಟಿ, ಬಿಸಿ ಇದೆಯಲ್ಲಾ, ಒಳ್ಳೇದೇ ಆಯ್ತು ಅಂದರು, ಬಿಸಿಲಲ್ಲಿ ಇಟ್ರೆ ಚೊಂಬೂ ಬಿಸಿಯಾಗ್ತದೆ ಸಿಸ್ಟರ್ ಅಂದೆ, ನಿನ್ನ ಬಾಯಿಗೆ ಆಪರೇಷನ್ ಮಾಡ್ಬೇಕಿತ್ತು ಅಂತ ಹೇಳಿ ಹೋದರು, ಅವರ ಡ್ಯೂಟಿ ಮುಗಿಯಿತು, ಹೊಸಬರು ಇನ್ನೂ ಬಂದಿಲ್ಲ. ಭಾರತಿ ಇದ್ದಿದ್ದರೆ ಒಂದು ಮಾತಿಗೆ ತೀರ್ಮಾನವಾಗುತ್ತಿತ್ತು, ಅವಳ ಅಂಗೈ ಹಿಪ್ಪುನೇರಳೆ ಸೊಪ್ಪು ಕಿತ್ತು ಕಿತ್ತು ಒರಟು, ಅದಕ್ಕೇ ಬಿಸಿ ತಿಳಿಯಲು ಕೆನ್ನೆ ಇಟ್ಟು ನೋಡುತ್ತಾಳೆ, ರೇಷ್ಮೆಹುಳು ಸಾಕುವ ಮನೆಯ ಗೋಡೆಗೆ, ತಟ್ಟೆಗೆ, ಮಗುವಿನ ಹೊಟ್ಟೆಗೆ, ಎಲ್ಲಕ್ಕೂ ಕೆನ್ನೆ. ಹುಳ ಹಣ್ಣಾಗಿವೆ ಅಂತ ಅಣ್ಣ ಶ್ರೀರಾಮಪ್ಪ ಊರಿಂದ ಹೇಳಿಕಳಿಸಿದ, ಹಣ್ಣಾದ ಹುಳ ಯಾರಿಗೂ ಕಾಯುವುದಿಲ್ಲ, ಸೊಪ್ಪು ತಿನ್ನುವುದು ಬಿಟ್ಟು, ಮೈ ಹೊಳಪಾಗಿ, ತಲೆ ಎತ್ತಿ ಆಡಿಸುತ್ತಾ ಗೂಡು ಕಟ್ಟಲು ಜಾಗ ಹುಡುಕುತ್ತವೆ, ಆಗಲೇ ಆರಿಸಿ ಬಿದಿರು ಹೆಣೆದ ಚಂದ್ರಿಕೆಗೆ ಬಿಡಬೇಕು, ಇಲ್ಲದಿದ್ದರೆ ತಟ್ಟೆಯಲ್ಲೇ ನೂಲು ಬಿಟ್ಟು ಹಾಳಾಗುತ್ತವೆ. ಹೋಗ್ಬರ್ತೀನಿ ಮಾವಾ, ಸಾಯಂಕಾಲದ ಬಸ್ಸಿಗೆ ಬಂದುಬಿಡ್ತೀನಿ, ಅಷ್ಟರೊಳಗೆ ಕಾಲು ಗೀಲು ಕಡಿಸ್ಕೊಂಡು ಕೂತ್ಕೋಬೇಡ, ಅಂದಳು. ಅಕ್ಕನ ಮಗಳು, ಮದುವೆಗೆ ಮುಂಚೆಯೂ ಮಾವ, ಆದ ಮೇಲೂ ಮಾವ, ಬೈಯುವಾಗ ಮಾತ್ರ ಬರೀ ನೀನು.

ಬೈದದ್ದು ಕಮ್ಮಿಯೇ, ಈ ಕಾಲಿನ ವಿಷಯಕ್ಕೆ ಇನ್ನೂ ಜಾಸ್ತಿ ಬೈಯಬಹುದಿತ್ತು. ಡಾಕ್ಟರು ಮೊದಲನೇ ದಿನ ಕೇಳಿದ್ದು ಹೆಸರಲ್ಲ, ಊರಲ್ಲ, ಎಷ್ಟು ಸೇದ್ತೀಯಾ, ಎರಡು ಕಟ್ಟು ಸಾರ್, ಯಾವಾಗಿಂದ, ಹೈಸ್ಕೂಲಿಂದ ಸಾರ್, ಅವರು ಬರೆದುಕೊಳ್ಳಲೂ ಇಲ್ಲ, ಬೀಡಿ ನಿನ್ನ ಕಾಲಿನ ರಕ್ತನಾಳ ಮುಚ್ಚಿದೆ, ಸಣ್ಣ ವಯಸ್ಸಿನವರಿಗೇ ಬರೋ ಕಾಯಿಲೆ, ಸೇದೋರಿಗೇ ಬರೋ ಕಾಯಿಲೆ ಅಂದರು. ಆಗ ಭಾರತಿ ಬಾಯಿಬಿಟ್ಟಳು, ಅಲ್ಲಾ, ಹುಳಕ್ಕೆ ಬೀಡಿ ವಾಸನೆ ಆಗಲ್ಲ, ಸೇದಿದ ಕೈಯಲ್ಲಿ ಸೊಪ್ಪು ಮುಟ್ಟಿದ್ರೂ ಹುಳ ಹಸಿರು ಕಕ್ಕಿ ಸಾಯ್ತವೆ ಅಂತ ಗೊತ್ತಿದ್ದು, ನೀನು ಅದನ್ನ ಎದೆಯೊಳಗೆ ಎಳ್ಕೊಂಡ್ಯಲ್ಲಾ. ಡಾಕ್ಟರು ಅವಳ ಮುಖ ನೋಡಿದರು, ನಾನು ಕಿಟಕಿ ನೋಡಿದೆ. ನಿಜ, ಎಷ್ಟು ಎಚ್ಚರಿಕೆ, ಹುಳದ ಮನೆಗೆ ಹೋಗುವ ಮುಂಚೆ ಬಾವಿಕಟ್ಟೆಯ ಮೇಲೆ ಸೋಪು ಹಾಕಿ ಕೈ ತೊಳೆದು, ಬಾಯಿ ಮುಕ್ಕಳಿಸಿ, ಅಂಗಿ ಬದಲಾಯಿಸಿ, ಬಾಗಿಲಲ್ಲಿ ಭಾರತಿಯ ಮೂಗಿಗೆ ಕೈ ಹಿಡಿದು ತೋರಿಸಿ, ಅವಳು ಹ್ಞೂಂ ಅಂದರೆ ಒಳಗೆ, ನಮ್ಮ ಕಡೆ ಎಲ್ಲಾ ಮನೆಯಲ್ಲೂ ಹೀಗೇ, ಲಕ್ಕೂರಿನ ಕಡೆ ನಮ್ಮ ನೆಂಟರ ಮನೆಯಲ್ಲಿ ಬಾಗಿಲಿಗೇ ಬೀಡಿ ಸೇದುವವರು ಬರಬಾರದು ಅಂತ ಸುಣ್ಣದಲ್ಲಿ ಬರೆದಿದ್ದಾರೆ, ಹುಳು ಒಂದು ತಿಂಗಳು ಬದುಕುವ ಜೀವ, ಅದಕ್ಕೆ ಅಷ್ಟು ಮರ್ಯಾದೆ, ಸೊಪ್ಪು ಒರೆಸಿ ಹೆಚ್ಚಿ ಹಾಕುತ್ತೇವೆ, ಪೊರೆ ಬಿಡುವಾಗ ಜ್ವರಕ್ಕೆ ಕೂತಿವೆ ಅನ್ನುತ್ತೇವೆ, ಜ್ವರ ಅಂದ ಮೇಲೆ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ, ನನ್ನ ಕಾಲಿಗೆ ಮಾತ್ರ ಅಣ್ಣ ಸೋಮಾರಿತನ ಅಂತ ಹೆಸರಿಟ್ಟ. ತೋಟದಿಂದ ಸೊಪ್ಪಿನ ಹೊರೆ ಹೊತ್ತು ಬರುವಾಗ ಪಾದ ಹಿಡಿದುಕೊಳ್ಳುತ್ತಿತ್ತು, ಹುಣಿಸೆ ಮರದ ಹತ್ತಿರ ನಿಲ್ಲಬೇಕು, ನಿಂತರೆ ಬಿಡುತ್ತದೆ, ನಡೆದರೆ ಮತ್ತೆ, ಮೊದಲು ಮರದವರೆಗೆ ಬರುತ್ತಿದ್ದವನು ಆಮೇಲೆ ಮರಕ್ಕೂ ಮುಂಚೆಯೇ ಕಾಲುವೆ ಹತ್ತಿರ ಕೂರುತ್ತಿದ್ದೆ, ಕೂತಮೇಲೆ ಸುಮ್ಮನೆ ಇರುವುದು ಹೇಗೆ, ಒಂದು ಬೀಡಿ. ಏನ್ಲಾ, ಕೂತ್ಕೊಳ್ಳೋಕೆ ನೋವು ಅಂತೀಯೋ ನೋವು ಅಂತ ಕೂತ್ಕೊಳ್ತೀಯೋ, ಅಣ್ಣ ಕೇಳಿದ್ದ, ನನಗೂ ಖಚಿತವಿರಲಿಲ್ಲ. ವಾಯು ಅಂದರು, ಎಣ್ಣೆ ತಿಕ್ಕಿದರು, ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿದರು. ಮಾಗಿಯ ಚಳಿಗೆ ಪಾದ ತಣ್ಣಗೆ ಬಾವಿಯ ಕಲ್ಲಿನ ಹಾಗಾಯಿತು, ಆ ಚಳಿಯಲ್ಲಿ ನಮ್ಮ ಹೋಳೂರು ಸುತ್ತಮುತ್ತ ಬೆಚ್ಚಗಿರುವ ಜಾಗ ಒಂದೇ, ಹುಳದ ಮನೆ, ಮರಿಹುಳಕ್ಕೆ ಚಳಿ ತಾಗಬಾರದೆಂದು ಇದ್ದಲ ಅಗ್ಗಿಷ್ಟಿಕೆ ಇಟ್ಟಿರುತ್ತೇವೆ, ನಾನು ಕೈ ತೊಳೆದು ಬಾಯಿ ತೊಳೆದು ಒಳಗೆ ಹೋಗಿ ಅಗ್ಗಿಷ್ಟಿಕೆಗೆ ಪಾದ ತಾಗಿಸಿಕೊಂಡು ಕೂತೆ, ಎಂಥಾ ಸುಖ, ಬಿಸಿ ಪಾದಕ್ಕೆ ಗೊತ್ತಾಗುತ್ತಿರಲಿಲ್ಲ, ಮಂಡಿಗೆ ಗೊತ್ತಾಗುತ್ತಿತ್ತು, ಪಾದಕ್ಕೂ ಗೊತ್ತಾಗಲಿ ಎಂದು ಇನ್ನೂ ಹತ್ತಿರ, ಇನ್ನೂ ಹತ್ತಿರ, ಸೊಪ್ಪು ತಿನ್ನುವ ಹುಳದ ಸದ್ದು, ಒಣ ಎಲೆ ಮೇಲೆ ತುಂತುರು ಬಿದ್ದಂತೆ, ತೂಕಡಿಸಿದೆ. ಏನೋ ಕರಕಲು ವಾಸನೆ ಅಂತ ಭಾರತಿ ಒಳಗೆ ಬಂದಳು, ಚಿಂದಿ ಬಟ್ಟೆ ಬಿದ್ದಿರಬೇಕು ಅಂತ ಕೆದಕಿದಳು, ಬಟ್ಟೆಯಲ್ಲ. ಕಿರುಬೆರಳು. ನನಗೆ ಗೊತ್ತೇ ಆಗಿರಲಿಲ್ಲ, ಅವಳು ಕಾಲು ಎಳೆದಾಗ ನಾನು, ಯಾಕೆ ಎಳೀತೀಯಾ ಕಣೇ, ಈಗ ತಾನೇ ಬೆಚ್ಚಗಾಗ್ತಿತ್ತು, ಅಂದೆ. ಬೊಬ್ಬೆ ಒಡೆಯಿತು, ಹುಣ್ಣಾಯಿತು, ಹುಣ್ಣು ಮಾಯಲಿಲ್ಲ, ಮಾಯಲು ರಕ್ತ ಬರಬೇಕಲ್ಲ, ಕಿರುಬೆರಳು ಕಪ್ಪಾಗಿ ಸುರುಟಿ ಒಣ ಹುಣಿಸೆ ಬೀಜವಾಯಿತು.

ಪಕ್ಕದ ಮಂಚದ ಪೆದ್ದಪ್ಪ ಟ್ರಾನ್ಸಿಸ್ಟರ್ ತಿರುಪುತ್ತಿದ್ದಾನೆ, ಕರ್ ಕರ್, ಒಂದು ಗಳಿಗೆ ತೆಲುಗು, ಒಂದು ಗಳಿಗೆ ಕನ್ನಡ, ಏನಬ್ಬಾಯಿ, ಏನಂತೈತೆ ಕಾಲು, ಏನೂ ಅನ್ನಲಿಲ್ಲ ಇನ್ನೂ ಅಂದೆ, ಅನ್ನದೇ ಇದ್ರೆ ಒಳ್ಳೇದು, ನಂದು ಬಲೇ ಮಾತಾಡ್ತಿತ್ತು, ಕುಯ್ದು ಹಾಕಿದ ಮೇಲೆ ಸುಮ್ಕಾಯ್ತು. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಹಮಾಲಿ, ನನಗಿಂತ ಹತ್ತು ವರ್ಷ ದೊಡ್ಡವನಿರಬಹುದು, ಮೂಟೆ ಹೊತ್ತ ಕಾಲು ಮಂಡಿಯ ಕೆಳಗೆ ಈಗ ಇಲ್ಲ, ಗಾಯ ಮಾಯುತ್ತಿದೆ, ಇನ್ಮೇಲೆ ಕೂತ್ಕೊಂಡು ಹಣ್ಣು ಆರಿಸ್ತೀನಿ, ಹೆಂಗಸರ ಕೆಲಸ ಅಂತ ನಗ್ತಾರೆ, ನಗ್ಲಿ, ಹೊರೋದಕ್ಕಿಂತ ಆರಿಸೋದು ಸುಖ, ಅನ್ನುತ್ತಾನೆ. ಎಡಗಾಲಿನ ಚಪ್ಪಲಿ ಹಂಗೇ ಹೊಸದಾಗೈತೆ, ನಿನಗೆ ಎಡಗಾಲು ಉಳಿದ್ರೆ ನೀನೇ ಇಟ್ಕೋ ಅಂದ, ಅಳತೆ ಆಗಲ್ಲ ಪೆದ್ದಪ್ಪಾ ಅಂದೆ, ಒಂದು ಬೆರಳು ಹೋಗ್ತೈತಲ್ಲಾ, ಆಗ್ತೈತೆ ಬಿಡು, ಅಂದ. ಇಲ್ಲದ ಪಾದದ ಹೆಬ್ಬೆರಳು ಕೆರೆಯುತ್ತದಂತೆ ಅವನಿಗೆ, ಬೆಳಿಗ್ಗೆ ಎದ್ದು ಹಾಸಿಗೆ ಕೆರೆಯುತ್ತಾನೆ. ಅವನಿಗೂ ಹಿಂದಿನ ವರ್ಷ ನನಗೆ ಮಾಡಿದ್ದೇ ಆಪರೇಷನ್ ಮಾಡಿದ್ದರು, ಪಾದ ಬಿಸಿಯಾಗಿತ್ತು, ಹುಣ್ಣು ಮಾಯ್ದಿತ್ತು, ಮಾವಿನ ಮಂಡಿಗೆ ಹೋದ, ಮೂಟೆ ಹೊತ್ತ, ಬೀಡಿ ಹಚ್ಚಿದ, ಮುಗಿಯಿತು, ಇದನ್ನು ಅವನೇ ಹೇಳಿದ್ದು, ಯಾರ ಮೇಲೂ ತಪ್ಪು ಹೊರಿಸದೆ, ಮಾವಿನಹಣ್ಣು ಕೊಳೆತ ಕಥೆಯ ಹಾಗೆ. ನನ್ನ ಆಪರೇಷನ್ನಿಗೆ ಮುಂಚೆ ಡಾಕ್ಟರ ಕೋಣೆಯಲ್ಲಿ ಆವತ್ತು ಎಕ್ಸ್‌ರೇ ಹಾಳೆಯನ್ನು ಕಿಟಕಿಗೆ ಹಿಡಿದಿದ್ದರು, ಬೆಂಗಳೂರಿಗೆ ಹೋಗಿ ಬಣ್ಣದ ಔಷಧಿ ಚುಚ್ಚಿಸಿಕೊಂಡು ತೆಗೆಸಿಕೊಂಡು ಬಂದ ಹಾಳೆ, ಅದರಲ್ಲಿ ನನ್ನ ಕಾಲು, ತೊಡೆಯಿಂದ ಬೆಳ್ಳಗೆ ಒಂದು ದೊಡ್ಡ ನಾಳ ಇಳಿದು ಬಂದು ಮಂಡಿಯ ಕೆಳಗೆ ತುಂಡಾಗಿ, ಅಲ್ಲಿಂದಾಚೆ ಗರಿಕೆ ಬೇರಿನ ಹಾಗೆ ಸುರುಳಿ ಸುರುಳಿ ಎಳೆಗಳು, ಅವೂ ಪಾದ ಮುಟ್ಟುವಷ್ಟರಲ್ಲಿ ಇಲ್ಲ. ಅಣ್ಣ ಕೇಳಿದ, ಸಾರ್, ಬೆಂಗಳೂರಲ್ಲಿ ಬೈಪಾಸ್ ಅಂತ ಮಾಡ್ತಾರಂತೆ, ದೊಡ್ಡ ಆಪರೇಷನ್ನು, ಅದನ್ನೇ ಮಾಡ್ಸೋಣ, ಅಣ್ಣನಿಗೆ ಯಾವುದು ದೊಡ್ಡದೋ ಅದು ಒಳ್ಳೆಯದು. ಡಾಕ್ಟರು ಬೆರಳಿಟ್ಟು ತೋರಿಸಿದರು, ಬೈಪಾಸ್ ಅಂದ್ರೆ ತೊಡೆಯಿಂದ ಒಂದು ರಕ್ತನಾಳ ತೆಗೆದು ಮುಚ್ಚಿಹೋದ ಜಾಗ ದಾಟಿಸಿ ಕೆಳಗಿನ ನಾಳಕ್ಕೆ ಹೊಲಿಯೋದು, ಹೂಳು ತುಂಬಿದ ಕಡೆ ಪಕ್ಕದಲ್ಲಿ ಬೇರೆ ಕಾಲುವೆ ತೋಡಿದ ಹಾಗೆ, ಆದ್ರೆ ಕಾಲುವೆ ಕೊನೇಗೆ ನೀರು ಬಿಡೋಕೆ ಜಾಗ ಬೇಕಲ್ಲಪ್ಪಾ, ಇಲ್ಲಿ ನೋಡು, ಎಲ್ಲಿಗೆ ಹೊಲೀಲಿ, ಹೊಲಿದ್ರೂ ವಾರಕ್ಕೆ ಮುಚ್ಚಿಹೋಗುತ್ತೆ. ಎರಡನೆಯದು, ಹೊಟ್ಟೆಯೊಳಗೆ ಕರುಳಿನ ಮೇಲೆ ಕೊಬ್ಬಿನ ಪರದೆ ಇದೆಯಂತೆ, ಅದನ್ನು ಕತ್ತರಿಸಿ ಉದ್ದ ಮಾಡಿ ಚರ್ಮದ ಕೆಳಗೇ ಇಳಿಸಿ ಕಾಲಿನವರೆಗೆ ತರುತ್ತಾರಂತೆ, ಅದರಿಂದ ಹೊಸ ನಾಳ ಹುಟ್ಟುತ್ತವಂತೆ, ಕೆಲವು ಊರುಗಳಲ್ಲಿ ಮಾಡ್ತಿದ್ದಾರೆ, ನಾನು ಕಣ್ಣಾರೆ ನೋಡಿಲ್ಲ, ನೋಡದೇ ಇರೋದನ್ನ ನಿನ್ನ ಮೇಲೆ ಮಾಡಲ್ಲ, ಅಂದರು, ಆ ಮಾತಿಗೇ ನನಗೆ ಅವರ ಮೇಲೆ ನಂಬಿಕೆ ಬಂದದ್ದು. ಮೂರನೆಯದು, ಸೊಂಟದ ಹತ್ತಿರ ಬೆನ್ನುಮೂಳೆಯ ಪಕ್ಕ ಒಂದು ನರದ ಸರ ಇದೆ, ಅದು ಪಾದದ ಸಣ್ಣ ಸಣ್ಣ ನಾಳಗಳನ್ನು ಬಿಗಿಹಿಡಿದಿರುತ್ತದೆ, ಅದನ್ನು ಕತ್ತರಿಸಿದರೆ ಬಿಗಿ ಸಡಿಲಿ, ಇರುವಷ್ಟು ರಕ್ತವೇ ಚರ್ಮಕ್ಕೆ ಬಂದು, ಪಾದ ಬಿಸಿಯಾಗಿ ಹುಣ್ಣು ಮಾಯಬಹುದು, ಮಾಯದೆಯೂ ಇರಬಹುದು, ನಡೆದರೆ ಬರುವ ನೋವು ಪೂರ್ತಿ ಹೋಗುವುದಿಲ್ಲ, ಆ ಪಾದ ಇನ್ನು ಬೆವರುವುದಿಲ್ಲ. ನಾಲ್ಕನೆಯದು ಕಾಲು ತೆಗೆಯುವುದು, ಅದೊಂದೇ ಗ್ಯಾರಂಟಿ. ಅಣ್ಣ ಬೆವರು ಒರೆಸಿಕೊಂಡ. ನಾನು ಕೇಳಿದ್ದು ಒಂದೇ, ಸಾರ್, ನರ ಕತ್ತರಿಸಿ ಆಗಲಿಲ್ಲ ಅಂದ್ರೆ ಆಮೇಲೆ ಕಾಲು ತೆಗೀಬಹುದಾ, ತೆಗೀಬಹುದು, ಕಾಲು ತೆಗೆದು ಆಗಲಿಲ್ಲ ಅಂದ್ರೆ, ಅವರು ನಕ್ಕರು, ಸರಿ ಹಾಗಿದ್ರೆ ನರವೇ ಕತ್ತರಿಸಿ ಸಾರ್, ಗರಗಸ ಎಲ್ಲಿಗೂ ಓಡಿಹೋಗಲ್ಲ. ಬೀಡಿ ಮುಟ್ಟಿದ್ರೆ ಈ ಕಡೆ ತಲೆ ಹಾಕ್ಬೇಡ, ಅಂದರು, ಭಾರತಿ ನನ್ನ ಜೇಬಿಗೆ ಕೈಹಾಕಿ ಕಟ್ಟು ತೆಗೆದು ಅವರ ಮೇಜಿನ ಮೇಲೇ ಇಟ್ಟಳು, ಅವರು ಅದನ್ನು ಏನು ಮಾಡಿದರೋ.

ಹೊರಗೆ ಯಾರೋ ಸೇದುತ್ತಿದ್ದಾರೆ, ಕಿಟಕಿಯಿಂದ ಎಳೆ ಎಳೆಯಾಗಿ ಬರುತ್ತಿದೆ, ಮೂಗು ಅದರ ಹಿಂದೆಯೇ ಹೋಗುತ್ತದೆ, ಹೋಗಲಿ, ಮೂಗಿಗೆ ಕಾಲಿಲ್ಲ. ಬೇಕು ಅನ್ನಿಸುತ್ತದೆ, ಇಲ್ಲ ಅಂದರೆ ಸುಳ್ಳು, ಊಟವಾದ ಮೇಲೆ ಜಾಸ್ತಿ ಅನ್ನಿಸುತ್ತದೆ, ಆದರೂ ಒಂಥರಾ ಹಾಯಾಗಿದೆ, ಆಪರೇಷನ್ ದಿನವೂ ಹೀಗೇ, ಬೆನ್ನಿಗೆ ಸೂಜಿ ಚುಚ್ಚಿದಾಗ ಸೊಂಟದಿಂದ ಕೆಳಗೆ ಯಾರದೋ ಮೈ ಆಗಿ, ಪಕ್ಕೆಯಲ್ಲಿ ಅವರು ಏನೋ ಹುಡುಕುತ್ತಿದ್ದಾರೆ, ಮೂಟೆಯಲ್ಲಿ ಕೈ ಹಾಕಿ ಬೀಗದಕೈ ಹುಡುಕಿದಂತೆ, ನಾನು ಮೇಲಿನ ದೀಪ ನೋಡುತ್ತಾ ಈ ಸಲದ ಗೂಡು ಕೋಲಾರಕ್ಕೆ ತರುವುದೋ ಬೇರೆ ಮಾರ್ಕೆಟ್ಟಿಗೋ ಅಂತ ಯೋಚಿಸುತ್ತಿದ್ದೆ, ಸಿಕ್ತು ಅಂದರು ಡಾಕ್ಟರು, ಆವತ್ತು ಸಂಜೆ ಪಾದ ಬಿಸಿ, ಮಾರನೆಯ ದಿನ ಬಿಸಿ, ನಿನ್ನೆ ಮತ್ತೆ ತಣ್ಣಗೆ, ಅಲ್ಲಿಂದ ಈ ಹ್ಞೂಂ. ಬಿಸಿಲು ಸರಿಯುತ್ತಿದೆ. ಹೌದು, ಸರಿಯುತ್ತಿದೆ, ಸರಳಿನ ನೆರಳು ಹಿಮ್ಮಡಿ ದಾಟಿತು, ಹೆಬ್ಬೆರಳು ಬಿಟ್ಟು ಮಂಚದ ಅಂಚಿಗೆ, ಅಲ್ಲಿಂದ ಹಾರಿ ಪೆದ್ದಪ್ಪನ ಮಂಚಕ್ಕೆ, ಅವನ ಕಾಲು ಇರಬೇಕಾಗಿದ್ದ ಖಾಲಿ ಹೊದಿಕೆಯ ಮೇಲೆ ಬಿದ್ದಿದೆ, ನಿನ್ ಬಿಸಿಲು ನನಗೆ ಬಂತಲ್ಲಾ ಅಬ್ಬಾಯಿ, ಇಟ್ಕೋ, ನನಗಿನ್ನು ಬೇಡ ಅಂದೆ. ಈಗ ಪಾದ ತನ್ನಷ್ಟಕ್ಕೆ ಇದೆ, ಚೊಂಬು ತಣ್ಣಗಾಗುವಷ್ಟು ಹೊತ್ತು ಕೊಡಬೇಕು, ಆಮೇಲೆ ನಿಜ ಗೊತ್ತಾಗುತ್ತದೆ, ಬಿಸಿ ಇದೆಯಾ, ಇದೆ ಅನ್ನಿಸುತ್ತದೆ, ಅನ್ನಿಸುವುದನ್ನು ನಂಬಿಯೇ ಅಗ್ಗಿಷ್ಟಿಕೆಗೆ ಕಾಲು ಕೊಟ್ಟದ್ದು, ಅನ್ನಿಸುವುದು ಬೇಡ. ಹೋಳೂರಿನ ಬಸ್ಸು ಈಗ ಎಲ್ಲಿ ಬರುತ್ತಿರಬಹುದು, ಭಾರತಿಯ ಸೆರಗಿಗೆ ರೇಷ್ಮೆ ಎಳೆ ಅಂಟಿರುತ್ತದೆ, ಹುಳಗಳು ಚಂದ್ರಿಕೆ ಹತ್ತಿರುತ್ತವೆ, ಮೊದಲು ತೆಳ್ಳಗೆ ಜೇಡರ ಬಲೆಯಷ್ಟು, ಒಳಗೆ ಹುಳು ತಲೆ ಆಡಿಸುವುದು ಕಾಣುತ್ತದೆ, ಬೆಳಗಾಗುವಷ್ಟರಲ್ಲಿ ಕಾಣುವುದಿಲ್ಲ, ಆ ಮನೆಯಲ್ಲಿ ನಾನು ಎರಡು ಕಾಲಲ್ಲಿ ನಿಂತು ನೋಡಬೇಕು, ಇಷ್ಟೇ ನನಗೆ ಬೇಕಾದದ್ದು, ಒಂಬತ್ತು ಬೆರಳು ಸಾಕು, ಹೊರೆ ಅಣ್ಣ ಹೊರಲಿ, ಸೋಮಾರಿ ಅನ್ನಲಿ. ಸೊಳ್ಳೆ. ಬಿಸಿಲು ಹೋದ ತಕ್ಷಣ ಮಂಚದ ಕೆಳಗಿನ ಕತ್ತಲೆಯಿಂದ ಎದ್ದಿದೆ, ಕಬ್ಬಿಣದ ಪಟ್ಟಿಯ ಮೇಲೆ ಕೂತು, ಪೆದ್ದಪ್ಪನ ಕಡೆ ಹೋಗಿ, ಅವನು ಟ್ರಾನ್ಸಿಸ್ಟರ್ ಬಿಟ್ಟು ತೋಳಿಗೆ ಚಟಾರನೆ ಹೊಡೆದುಕೊಂಡಾಗ ತಪ್ಪಿಸಿಕೊಂಡು, ನನ್ನ ಬಲಗಾಲಿಗೆ ಬಂತು, ಬಲಗಾಲು ಅಲುಗಿಸಿದೆ, ಅದು ಬೇಡ, ಅಲ್ಲಿ ರಕ್ತ ಇದ್ದೇ ಇದೆ, ಅಲ್ಲಿ ಕುಡಿದು ಯಾರಿಗೇನು. ಎದ್ದಿತು. ಎಡಗಾಲಿನ ಬ್ಯಾಂಡೇಜಿನ ಮೇಲೆ ನಡೆಯುತ್ತಿದೆ, ಬಟ್ಟೆಯಲ್ಲಿ ಏನೂ ಇಲ್ಲ, ಮುಂದೆ ಹೋಗು, ಹೆಬ್ಬೆರಳಿಗೆ ಬಂತು, ಅಲ್ಲಿಂದ ಪಕ್ಕಕ್ಕೆ, ಅದರ ಪಕ್ಕಕ್ಕೆ, ಕಿರುಬೆರಳಿನ ಪಕ್ಕದ ಬೆರಳು, ಡಾಕ್ಟರು ಬೆಳಿಗ್ಗೆ ಉಗುರು ಒತ್ತಿ ಬಿಟ್ಟು, ಬಿಳಿಚಿಕೊಂಡದ್ದು ಕೆಂಪಾಗಲಿ ಎಂದು ಸುಮ್ಮನೆ ಕಾದು ನಿಂತಿದ್ದ ಬೆರಳು, ಅದರ ಬೆನ್ನಿನ ಮೇಲೆ ಕೂತಿತು. ಹಿಂಗಾಲು ಎತ್ತಿತು. ಈ ಆರು ತಿಂಗಳಲ್ಲಿ ಸೊಳ್ಳೆ ಈ ಪಾದಕ್ಕೆ ಬಂದದ್ದು ನೋಡಿಲ್ಲ, ನೋಡಿದ್ದೇನಾ, ಭಾರತಿಗೆ, ಮಗುವಿಗೆ, ನನ್ನ ಕುತ್ತಿಗೆಗೆ ಕಡಿದಿವೆ, ಈ ಪಾದ ಹಾಗೇ ಗೋಡೆಯ ಹಾಗೆ ಬಿದ್ದಿರುತ್ತಿತ್ತು, ಸೊಳ್ಳೆಗೆ ಬಿಸಿಲಿನ ಬಿಸಿಯಿಂದ ಏನೂ ಆಗಬೇಕಿಲ್ಲ, ಚೊಂಬಿನ ಮೇಲೆ ಯಾವ ಸೊಳ್ಳೆ ಕೂರುತ್ತದೆ. ವರಾಂಡದಲ್ಲಿ ಬೂಟಿನ ಸದ್ದು, ಡಾಕ್ಟರು ಆ ಕಡೆ ವಾರ್ಡಿನಿಂದ ಶುರುಮಾಡಿರಬೇಕು. ಲೇ ಅಬ್ಬಾಯಿ, ಸೊಳ್ಳೆ ಕೂತೈತಲ್ಲೋ, ಕಾಲು ಒದರು, ಸುಮ್ಕಿರು ಪೆದ್ದಪ್ಪಾ, ಟವಲ್ಲು ಬೀಸ್ಲಾ, ಬೀಸಬೇಡ, ಅಲ್ಲಾಡಬೇಡ, ಮಾತಾಡಬೇಡ, ಕುಡೀಲಿ. ಹೊಟ್ಟೆ ಬೂದಿ ಬಣ್ಣ, ಹಿಂದಿನ ಗೋಡೆ ಕಾಣುವಷ್ಟು ತೆಳು, ಸಿಗುತ್ತಿಲ್ಲವೇನೋ, ಮೂತಿ ಎತ್ತಿತು, ಜಾಗ ಬದಲಾಯಿಸಿತು, ಮತ್ತೆ ಊರಿತು, ಹಿಂಗಾಲು ಹಾಗೇ ಎತ್ತಿದೆ, ಹುಡುಕು, ನಿಧಾನವಾಗಿ ಹುಡುಕು, ಅಲ್ಲೇ ಇರಬೇಕು, ಬೂಟು ಹತ್ತಿರವಾಗುತ್ತಿದೆ, ಅವರೂ ಬರಲಿ, ಬಂದು ನೋಡಲಿ, ಹೊಟ್ಟೆಯ ತುದಿ, ಬೂದಿ, ಬೂದಿಯೇ, ಇಲ್ಲ, ತುದಿಯಲ್ಲಿ ಕೂದಲೆಳೆಯಷ್ಟು ಕೆಂಪು, ಮೇಲೆ ಹತ್ತುತ್ತಿದೆ, ಕೆಂಪು, ಉಬ್ಬುತ್ತಿದೆ, ದಾಳಿಂಬೆ ಕಾಳಿನಷ್ಟು, ಕೆಂಪು —